ಸದ್ದು ಕೇಳದ ಕಾರು

ಜನವರಿ 4, ಭಾನುವಾರ

…ಹಂಗಾದ್ರೆ ಲಕ್ಸುರಿ ಅಂದ್ರೇನು? ನಿನ್ನೆಯಿಂದ ಅದೇ ತಲೇಲಿ. ಕಾಲೇಜಲ್ಲಿ ಎಕನಾಮಿಕ್ಸ್ ಮೇಷ್ಟ್ರು ಬರೆಸಿದ್ರು — ನೆಸೆಸಿಟಿ, ಕಂಫರ್ಟ್, ಲಕ್ಸುರಿ. ಡೆಫಿನಿಷನ್ ಮರೆತುಹೋಗೈತೆ. ಹೆಂಡ್ತಿ ತಮ್ಮ ರವಿಚಂದ್ರ ತನ್ನ ಕಾರಲ್ಲಿ ಬಂದು ಹೇಳಿಕೊಟ್ಟ.

"ಭಾವ, ಗ್ಲಾಸ್ ಏರಿಸಿದ್ರೆ ಹೊರಗಿನ ಸದ್ದೇ ಬರಲ್ಲ. ಅದು ಕಣ್ರೀ ಲಕ್ಸುರಿ."

"ಅದಕ್ಕೇ ನಿಮ್ಮಕ್ಕ ನರಳಿದ್ದು ಕೇಳಿಸಲಿಲ್ಲ ಬಿಡು," ಅಂದೆ.

ಮುಖ ಕಪ್ಪಿಟ್ಟಿತು. ಕಪ್ಪಿಡಲಿ ಬಿಡು. ಹೋದ ವರ್ಷ ನನ್ನ ಹೆಂಡ್ತಿ ಭದ್ರಮ್ಮನಿಗೆ ವಾಂತಿ ಹಿಡಿದ ದಿನ ಇದೇ ಕಾರು ನಮ್ಮ ಅಂಗಳದಲ್ಲಿತ್ತು. ಬಿಳೀ ಲೆದರ್ ಸೀಟು. "ಆಂಬುಲೆನ್ಸ್‌ಗೆ ಹೇಳೋಣ ಭಾವ" ಅಂದಿದ್ದ. ಅವಳು ಆಸ್ಪತ್ರೆಗೆ ಹೋದದ್ದು ಮೆಣಸಿನ ವ್ಯಾಪಾರಿ ಶಫಿಯ ಪಿಕಪ್‌ನಲ್ಲಿ, ಮೂಟೆಗಳ ನಡುವೆ. ಆಲೂರು ದಾಟೋದ್ರೊಳಗೆ… ಸಾಕು.

ಗುರುವಾರ ಅವಳ ವರ್ಷದ ಕಾರ್ಯ. "ಸಮಾಧಿಗೆ ಭಾವನ್ನ ನನ್ನ ಕಾರಲ್ಲೇ ಕರ್ಕೊಂಡೋಗೋದು" ಅಂತ ರವಿಚಂದ್ರ ನೆಂಟರಿಗೆಲ್ಲ ಸಾರಿದಾನೆ. ನಾನು ಹತ್ತಿದ್ರೆ ಎಲ್ಲ ಸರಿಹೋಯ್ತು ಅಂತ ಅವನ ಲೆಕ್ಕ. ಹತ್ತಲ್ಲ. ನೆವರ್.

ಜನವರಿ 7

ಹುರುಳಿ ಕಿತ್ತಾಯ್ತು. ರೋಡಿಗೆ ಹಾಕಿದೆ. ಬಸ್ಸು, ಲಾರಿ ಹತ್ತಿ ಒಕ್ಕಣೆ ಆಗ್ತದೆ, ಎಲ್ಲರೂ ಮಾಡೋದೇ. ಮನೆ ಮುಂದಿನ ತಿರುವಲ್ಲಿ ಮಾತ್ರ ಮೊಣಕಾಲುದ್ದ ಒಟ್ಟಿದೆ. ಶಫಿ ಪಿಕಪ್ ನಿಲ್ಲಿಸಿದ.

"ತೆಳ್ಳಗೆ ಹರಡಿ ಸಾರ್. ತಗ್ಗಿನ ಕಾರು ಬಂದ್ರೆ ಅಡೀಲಿ ಸುತ್ಕೊಂಡು ಬೆಂಕಿ ಹತ್ತಿಬಿಡ್ತದೆ."

"ಲಕ್ಸುರಿಗೇನಾಗ್ತದೆ ಬಿಡೋ ಮಾರಾಯ."

ಅವನು ನಗಲಿಲ್ಲ.

ಜನವರಿ 8, ಸಂಜೆ

ಬಂದ. ರವಿಚಂದ್ರ ತಿರುವಲ್ಲೇ ಹುರುಳೀಲಿ ಸಿಕ್ಕಿಕೊಂಡ. ರೇಸ್ ಮಾಡಿದ, ಮಾಡಿದ… ಅಡಿಯಿಂದ ಹೊಗೆ. ಗದ್ದೆಯವರು "ಇಳೀರೀ, ಇಳೀರೀ" ಅಂತ ಬಾಯಿ ಬಡ್ಕೊಂಡ್ರು. ಗ್ಲಾಸ್ ಏರಿಸಿದ್ದ. ನಾನು ಜಗಲೀಲಿ ನಿಂತಿದ್ದೆ. ಸ್ವಲ್ಪ ಹೊತ್ತು ನಿಂತೇ ಇದ್ದೆ — ಯಾರೂ ಓದಲ್ಲ, ಬರೀಬೌದು. ಆಮೇಲೆ ಓಡಿದೆ. ಗ್ಲಾಸ್ ಗುದ್ದಿದೆ. ನನ್ನ ನೋಡಿ ನಕ್ಕ! ಈ ಕಡೆ ಬಾಗಿಲು ತೆಗೆದು, ಸೀಟು ಒರೆಸಿ, "ಬನ್ನಿ ಭಾವ, ಕೂತ್ಕೊಳಿ" ಅಂದ. ಹತ್ತೋಕೆ ಬಂದೆ ಅಂದ್ಕೊಂಡಿದ್ದ, ಮುಂಡೇದು. ಆ ಬಿಳೀ ಸೀಟಿಗೇ ಮಂಡಿ ಊರಿ, ಕಾಲರ್ ಹಿಡಿದು ಎಳೆದೆ.

ಕಾರು ಸುಟ್ಟು ಕರಕಲು. ಸಮಾಧಿಗೆ ಇಬ್ಬರೂ ಶಫಿಯ ಪಿಕಪ್‌ನಲ್ಲೇ ಹೋದ್ವಿ, ಮೂಟೆ ಮೇಲೆ. ಶಫಿ ನನ್ನ ಮುಖ ನೋಡಿ ಗಾಡಿ ಹೊರಡಿಸಿದ. ರವಿಚಂದ್ರ ದಾರಿಯುದ್ದಕ್ಕೂ ಅತ್ತ. ಕಾರಿಗೋ, ಅಕ್ಕನಿಗೋ — ಐ ಡೋಂಟ್ ನೋ. "ನೀವು ಓಡಿ ಬಂದ್ರಲ್ಲ ಭಾವ" ಅಂತ ಕೈ ಬಿಡಲೇ ಇಲ್ಲ.

ಈಗ ಒಳಗಿದಾನೆ. ತಿರುವಲ್ಲಿ ಅಷ್ಟು ದಪ್ಪ ಯಾಕೆ ಒಟ್ಟಿದೆ ಅಂತ ಅವನಿಗೆ ಹೇಳ್ಬೇಕು. ಕರೆದೆ. ಬಂದ.

"ಕತ್ಲಾಯ್ತು ಭಾವ, ಲೈಟ್ ಹಾಕ್ಲಾ?"

ಬೇಡ, ಕೂತ್ಕೋ ಅಂದೆ; ಕತ್ಲಲ್ಲೇ ಹೇಳೋದು ಸುಲಭ. ಕೂತಿದಾನೆ. ಹೌದು, ಪುಸ್ತಕದ ಗೆರೆ ಕಾಣ್ತಿಲ್ಲ, ಬೆಳಕು —