ಜೋಡಿಗಾಲಿಗೊಂದು ತಂತಿ

ಕದ ಮುಚ್ಚಿದ ಇನ್ನೂರ ಹನ್ನೊಂದನೆಯ ವರ್ಷ, ಎರಡನೇ ಬೇಸಿಗೆ, ನಲವತ್ತನೆಯ ತಾರೀಖು
ಹಳೆಯ ಚಿನ್ನದ ಗಣಿಯ ಒಳಗಿನಿಂದ, ಕೋಲಾರ ಸೀಮೆ

ಈ ಬೋರ್ಡನ್ನು ಜೋಡಿಸಲು ಕೂತಿರುವವರಿಗೆ,

ನಮಸ್ಕಾರ. ತಾರೀಖು ನೋಡಿ ನಗಬೇಡಿ. ನಮಗೆ ಬೇಸಿಗೆ ಎರಡು, ಎರಡೂ ನಿಮ್ಮ ತಿಂಗಳುಗಳ ಲೆಕ್ಕಕ್ಕೆ ಸಿಗದಷ್ಟು ಉದ್ದ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸಿ, ನೀವು ಬಿಟ್ಟುಹೋದ ಕನ್ನಡದಲ್ಲಿ ನಮ್ಮ ಪಾಲಿಗೆ ಉಳಿದದ್ದು ಇಷ್ಟೇ. ಪತ್ರವನ್ನು ಹಿಂದಿನ ಕಾಲಕ್ಕೆ ಸಾಗಿಸುವ ಕೆಲಸ ಬೇರೆಯವರದು, ಅದು ಹೇಗೆಂದು ನನ್ನನ್ನು ಕೇಳಬೇಡಿ. ನಾನು ಕದಿರಮ್ಮ, ಊರಿನ ಬಾಗಿಲು ನೋಡಿಕೊಳ್ಳುವವಳು. ನಿಮ್ಮ ಮೇಲೆ ನನಗೆ ಸಿಟ್ಟಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೇಲಿನ ಬಿಸಿಲು ಈಗ ಮನುಷ್ಯರು ತಡೆಯುವ ಬಿಸಿಲಲ್ಲ. ಒಂದು ಮುದ್ದೆ ಉಂಡು ಮುಗಿಸುವಷ್ಟು ಹೊತ್ತು ಅದರಲ್ಲಿ ನಿಂತವರು ಉಳಿಯುವುದಿಲ್ಲ. ರಾಗಿಯನ್ನು ಸುರಂಗದಲ್ಲೇ ದೀಪದ ಕೆಳಗೆ ಬೆಳೆದುಕೊಳ್ಳುತ್ತೇವೆ, ನೀರಿಗೆ ಮಾತ್ರ ಹೊರಗೆ ಹೋಗಲೇಬೇಕು. ಹೊತ್ತು ಮುಳುಗಿದ ಮೇಲೆ ಹೋಗಿ ಇಬ್ಬನಿಬಲೆಗಳನ್ನು, ಅಂದರೆ ಗಾಳಿಯ ತೇವ ಹಿಡಿಯಲು ಕಟ್ಟಿದ ಬಲೆಗಳನ್ನು, ಹಿಂಡಿ ಕೊಡ ತುಂಬಿಸಿಕೊಂಡು ಬಿಸಿಲು ಮೂಡುವುದರೊಳಗೆ ಬಾಗಿಲಿಗೆ ಬರುತ್ತೇವೆ. ಅದನ್ನು ಕೈಯಿಂದ ತೆರೆಯಲಾಗದು. ಹಿಂದೊಮ್ಮೆ ಕಳ್ಳರು ಕಾವಲಿನವರನ್ನು ಕೊಂದು ಒಳಗೆ ನುಗ್ಗಿದ್ದರಿಂದ, ಹಿರಿಯರು ಬಾಗಿಲನ್ನು ನಿಮ್ಮ ಬೋರ್ಡಿಗೆ ಒಪ್ಪಿಸಿ ಬಾಗಿಲಿನ ಯಂತ್ರದ ಸುತ್ತ ಕಲ್ಲು ಕಟ್ಟಿಬಿಟ್ಟರು.

ಆ ಬೋರ್ಡಿನ ಚಿಪ್ ನಿಮಗೆ ಗೊತ್ತು. ಚಿಪ್‌ನ ನೆನಪಿನ ಒಂದೊಂದು ಖಾನೆಗೂ ನಾವು ಮನೆ ಅನ್ನುತ್ತೇವೆ. ಬೇರೆ ಚಿಪ್‌ಗಳಿಗೆ ಮನೆ ನಂಬರು ಕೊಟ್ಟು ಒಳಗೆ ಏನಿದೆ ಎಂದು ಕೇಳಬೇಕು. ಇದಕ್ಕೆ ಬೇಕಾದದ್ದನ್ನು ತೋರಿಸಿದರೆ ಎಲ್ಲ ಮನೆಗಳನ್ನೂ ಒಂದೇ ಏಟಿಗೆ ತಾಳೆ ನೋಡಿ ನಂಬರು ಹೇಳುತ್ತದೆ. ನೀವು ಇದನ್ನು ಸಂದೇಶಗಳಿಗೆ ದಾರಿ ತೋರಿಸುವ ಪೆಟ್ಟಿಗೆಗೆ ಹಾಕಲು ಹೊರಟಿದ್ದೀರಿ. ನಾವು ಅದರಲ್ಲಿ ದನಿಗುರುತು ಇಟ್ಟಿದ್ದೇವೆ. ಒಬ್ಬೊಬ್ಬರ ದನಿಯೂ ಅಂಕಿಗಳ ಒಂದು ಸಾಲು. ಹೋಗುವಾಗಲೂ ಬರುವಾಗಲೂ ಬಾಗಿಲ ಕೊಳವೆಯಲ್ಲಿ ಒಂದು ಮಾತಾಡಬೇಕು. ಮನೆ ಸಿಕ್ಕಿದರೆ, ಆ ಮನೆಯವರು ಹೊರಗಿದ್ದಾರೆ ಎಂದು ಲೆಕ್ಕದಲ್ಲಿದ್ದರೆ ಮಾತ್ರ, ಬಾಗಿಲು ಸರಿದು ಒಳಗೆ ಬಿಡುತ್ತದೆ.

ಪ್ರತಿ ಸಂಜೆ ನಾನು ಚಿಪ್‌ನ ಕಾಲುಗಳ, ನೀವು ಪಿನ್ನು ಅನ್ನುವವುಗಳ, ಹೆಸರನ್ನು ಗಟ್ಟಿಯಾಗಿ ಹೇಳಬೇಕು, ಸೋದರತ್ತೆ ಕಲಿಸಿದ ಹಾಗೆ. ತಾಳೆಗಾಲು, ಮನೆ ಸಿಕ್ಕಿತೋ ಇಲ್ಲವೋ ಎಂದು ಹೇಳುತ್ತದೆ. ಸಿಕ್ಕಿದರೆ ಅದರ ವೋಲ್ಟೇಜು ಇಳಿಯುವುದರಿಂದ ಅದಕ್ಕೆ ಕಟ್ಟಿದ ದೀಪ ಆರುತ್ತದೆ. ನಮ್ಮ ಮಕ್ಕಳು ದೀಪ ಆರಿದರೆ ಚಪ್ಪಾಳೆ ತಟ್ಟುತ್ತಾರೆ. ಅಳಿಸುಗಾಲು ಸತ್ತವರ ಮನೆ ಖಾಲಿ ಮಾಡಲು. ಬರೆಗಾಲು ಹೊಸಬರನ್ನು ಸೇರಿಸಲು ಇತ್ತು, ಸುಟ್ಟುಹೋಗಿದೆ. ಅದು ಸುಟ್ಟ ಮೇಲೆ ಹುಟ್ಟಿದ ಯಾವ ಮಗುವೂ ಆಕಾಶ ನೋಡಿಲ್ಲ. ಮರೆಗಾಲಿನಿಂದ ಕೆಲವು ಅಂಕಿಗಳನ್ನು ಮುಚ್ಚಿಡಬಹುದು, ಮುಚ್ಚಿದ್ದನ್ನು ಚಿಪ್ ತಾಳೆ ನೋಡುವುದಿಲ್ಲ. ಕೊನೆಯದು ಜೋಡಿಗಾಲು. ಎರಡು ಮನೆ ತಾಳೆಯಾದರೆ ಚಿಪ್ ಮೊದಲನೆಯದನ್ನಷ್ಟೇ ತೋರಿಸುತ್ತದೆ. ಇನ್ನೊಂದೂ ಇದೆ, ಮುಂದೆ ನೋಡು ಎಂದು ಬೋರ್ಡಿಗೆ ತಿಳಿಸುವುದು ಈ ಕಾಲಿನ ಕೆಲಸ. ನೀವು ಅದನ್ನು ಬೇಡವೆಂದು ನೆಲದ ತಂತಿಗೆ, ಅಂದರೆ ಅರ್ಥಿಂಗಿಗೆ, ಬೆಸೆದು, ಮೇಲೆ ಗಟ್ಟಿ ಅಂಟು ಸುರಿದಿದ್ದೀರಿ.

ನಮ್ಮಲ್ಲೊಂದು ಪದ್ಧತಿಯಿದೆ. ದೂಳು ಎದ್ದ ದಿನ ಹೊರಗಿದ್ದವರ ದನಿ ಕಟ್ಟಿ ಗುರುತು ಸಿಗದೆ ಹೋಗಬಾರದೆಂದು, ಬಾಗಿಲು ನೋಡುವವರು ಎಲ್ಲರಿಗಿಂತ ಮೊದಲು ಒಳಗೆ ಬಂದು ಇನ್ನೊಂದು ಅಂಕಿ ಮುಚ್ಚುತ್ತಾರೆ. ಮುಚ್ಚಿದ್ದನ್ನು ಯಾರೂ ಮತ್ತೆ ತೆರೆಯುವುದಿಲ್ಲ. ಕರುಣೆಯಿಂದ ಮಾಡಿಕೊಂಡು ಬಂದದ್ದು. ಹೋದ ಬೇಸಿಗೆಯಲ್ಲಿ ದೂಳೆದ್ದ ದಿನ ನಾನೂ ಹಾಗೇ ಬಂದು ಮುಚ್ಚಿದೆ. ಎಲ್ಲರೂ ಬಂದರು. ಕೊನೆಯವಳು ನನ್ನ ತಂಗಿ ಸೊಣ್ಣಮ್ಮ. ಕೊಳವೆಯಲ್ಲಿ ಅವಳ ದನಿ ಬಂತು, ದೀಪ ಆರಿತು, ಬಾಗಿಲು ಅಲುಗಲಿಲ್ಲ. ನಂಬರು ನೋಡಿದರೆ ಅದು ನನ್ನ ಮನೆ. ನಾನಾಗಲೇ ಒಳಗಿದ್ದೆ. ಆ ಒಂದು ಅಂಕಿ ಮುಚ್ಚಿದ ಮೇಲೆ ಅಕ್ಕತಂಗಿಯರ ದನಿ ಚಿಪ್‌ಗೆ ಒಂದೇ ಆಗಿತ್ತು.

ನನ್ನ ಜೊತೆ ಪಾಳಿಯಲ್ಲಿದ್ದ ಮುದುಕ ಅಂಜಿನಪ್ಪ ಕೋಲು ಕೈಗೆ ತಗೊಂಡ. "ಯಾರೋ ನಿನ್ ದನಿ ಕದ್ದವ್ರೆ ಕಣಮ್ಮಿ. ಒಳಗಿರೋಳು ಇನ್ನೊಂದ್ಸಲ ಹೆಂಗೆ ಬತ್ತಾಳೆ?" ಕೊಳವೆಯಲ್ಲಿ ಸೊಣ್ಣಮ್ಮ ಕೆಮ್ಮುತ್ತಿದ್ದಳು. "ಅಕ್ಕಾ, ನಾನೇ ಕಣೇ. ಬಿಸ್ಲು ಸೈನೈಡ್ ಗುಡ್ಡೆ ಮೇಲಕ್ಕೆ ಬಂತು. ಬೇಗ ತೆಗಿಯೇ!" ಸೈನೈಡ್ ಗುಡ್ಡೆ ಅಂದರೆ ಚಿನ್ನ ತೆಗೆದು ಬಿಟ್ಟ ಗಣಿ ಮಣ್ಣಿನ ರಾಶಿ, ಬಾಗಿಲ ಎದುರಿಗೇ ಇದೆ. ಮುಚ್ಚಿದ ಅಂಕಿಯನ್ನು ತೆರೆದು ಮತ್ತೆ ಕೂಗಲು ಹೇಳಿದೆ. ದೂಳು ಕುಡಿದ ದನಿ. ದೀಪ ಆರಲೇ ಇಲ್ಲ, ಅವಳು ಯಾರೂ ಅಲ್ಲ ಎಂದಿತು ಚಿಪ್. ಮತ್ತೆ ಮುಚ್ಚಿದೆ. ಮತ್ತೆ ನನ್ನದೇ ಮನೆ. ಬಾಗಿಲ ಕಬ್ಬಿಣ ಒಳಗಡೆಯೂ ಬಿಸಿಯಾಗತೊಡಗಿತ್ತು.

ಇದ್ದದ್ದು ಒಂದೇ ದಾರಿ. ಅಳಿಸುಗಾಲಿಗೆ ತಂತಿ ತಾಗಿಸಿ ನನ್ನ ಮನೆಯನ್ನು ಖಾಲಿ ಮಾಡಿದೆ. ಸೊಣ್ಣಮ್ಮ ಕೂಗಿದಳು, ದೀಪ ಆರಿತು, ಈ ಸಲ ಅವಳ ನಂಬರು ಬಂತು, ಬಾಗಿಲು ಸರಿಯಿತು. ಅವಳ ಬೆನ್ನೆಲ್ಲ ಬೊಬ್ಬೆ ಎದ್ದಿತ್ತು, ಕೊಡ ಮಾತ್ರ ಕೆಳಗಿಟ್ಟಿರಲಿಲ್ಲ. ನಾನು ಅವಳಿಗೆ ಎರಡೇಟು ಹಾಕಿ ಆಮೇಲೆ ತಬ್ಬಿಕೊಂಡು ಅತ್ತೆ. ಅಂಜಿನಪ್ಪ ಗೋಡೆಯ ಕಡೆ ತಿರುಗಿ ನಿಂತು, "ನಾನೇನೂ ನೋಡ್ಲಿಲ್ಲಮ್ಮಿ" ಅಂದ.

ಬರೆಗಾಲು ಸುಟ್ಟಿರುವುದರಿಂದ ನನ್ನನ್ನು ಮತ್ತೆ ಸೇರಿಸಲಾಗದು. ಚಿಪ್ ಪಾಲಿಗೆ ನಾನು ಸತ್ತವಳು. ಆದರೆ ಆ ದಿನ ಮುಚ್ಚಿದ ಅಂಕಿ ಮುಚ್ಚಿಯೇ ಇದೆ; ನನ್ನ ದನಿಯೂ ಈಗ ಸೊಣ್ಣಮ್ಮನ ಮನೆಗೆ ತಾಳೆಯಾಗುತ್ತದೆ. "ಒಂದಿನ ನಾನು ಹೋಗ್ತೀನಿ, ಒಂದಿನ ನೀನು ಹೋಗು, ಅದಕ್ಕೇನೀಗ?" ಎಂದಳು ಅವಳು. ಒಂದೇ ಸೀರೆಯನ್ನು ಇಬ್ಬರು ಉಟ್ಟ ಹಾಗೆ ಒಂದು ಮನೆಯನ್ನು ಇಬ್ಬರೂ ಬಳಸುತ್ತಿದ್ದೇವೆ.

ಇವತ್ತು ಸರದಿ ನನ್ನದು. ಬಾಗಿಲಲ್ಲಿ ಸೊಣ್ಣಮ್ಮ ಕೂತಿದ್ದಾಳೆ. ನೀರು ತಳ ಕಂಡಿದೆ, ಹೋಗದೆ ವಿಧಿಯಿಲ್ಲ, ಮೇಲೆ ದೂಳು ಎದ್ದಿದೆ. ಅವಳು ಇನ್ನೊಂದು ಅಂಕಿ ಮುಚ್ಚದಿದ್ದರೆ ದನಿ ಕಟ್ಟಿದವರು ಹೊರಗೆ ಉಳಿಯುತ್ತಾರೆ. ಮುಚ್ಚಿದರೆ ಯಾರ ದನಿ ಯಾರದಕ್ಕೆ ತಾಳೆಯಾಗುತ್ತದೋ, ಯಾರು ಮೊದಲು ಬಂದು ಯಾರನ್ನು ಹೊರಗೆ ಉಳಿಸುತ್ತಾರೋ, ಬಿಸಿಲು ಮೂಡುವವರೆಗೆ ತಿಳಿಯುವುದಿಲ್ಲ. ಹೊರಡುವವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದಾರೆ.

ಬೆಸುಗೆಯ ಕಡ್ಡಿ ಇನ್ನೂ ನಿಮ್ಮ ಕೈಯಲ್ಲಿದೆ. ಜೋಡಿಗಾಲು ನಿಮ್ಮ ಪೆಟ್ಟಿಗೆಗೆ ಬೇಕಿಲ್ಲ, ಒಪ್ಪುತ್ತೇನೆ. ಆದರೂ ಅದನ್ನು ನೆಲಕ್ಕೆ ಬೆಸೆಯಬೇಡಿ. ಒಂದು ತಂತಿ ಎಳೆದು ಬೋರ್ಡಿನ ಅಂಚಿಗೆ ತಂದು ಬಿಡಿ, ನಾವು ಅದನ್ನು ಜೋಡಿಸಿಕೊಂಡು ಎರಡನೆಯ ಮನೆಯನ್ನೂ ನೋಡುತ್ತೇವೆ. ಯಾಕೆಂದು ಯಾರಾದರೂ ಕೇಳಿದರೆ ಬಾಯಿಗೆ ಬಂದದ್ದು ಹೇಳಿ. ಸೊಣ್ಣಮ್ಮ ಕರೆಯುತ್ತಿದ್ದಾಳೆ, ಹೊತ್ತು ಮುಳುಗಿತು. ಕೊಡ ಎತ್ತಿಕೊಂಡಿದ್ದೇನೆ.

ಬರುತ್ತೇನೆ.

ಕದಿರಮ್ಮ