ಜಿಂಕೆಗಳ ಅವರೆಗೆ ಕಾವಲು

ಮೊರಾವಿಯಾ, ಟೆಕ್ಸಸ್
ಜುಲೈ 24, 2011

ವಿಕ್ಟೋರಿಯಾ ಪಟ್ಟಣದಲ್ಲಿ ಅಕ್ಕನ ಮನೆ ಸೇರಿ ಕುಳಿತಿರುವ ನನ್ನ ಮಹಾರಾಣಿ ವ್ಲಾಸ್ತಾಳ ಸನ್ನಿಧಾನಕ್ಕೆ,

ನಿನ್ನ ಗಂಡ ಅಲೋಯಿಸ್ ಜೀವಂತವಾಗಿದ್ದಾನೆ! ಇದನ್ನು ಕೇಳಿ ನಿನಗೆ ಆನಂದವೋ ನಿರಾಸೆಯೋ, ನನಗೆ ತಿಳಿಯುವ ದಾರಿಯಿಲ್ಲ. ಫೋನ್ ಮಾಡಿದರೆ ನಿನ್ನ ಅಕ್ಕ ಲೂಡ್ಮಿಲಾ ಎತ್ತುತ್ತಾಳೆ. "ಅವ್ಳು ಮಲಗಿದಾಳೆ ಕಣಯ್ಯ" ಅನ್ನುತ್ತಾಳೆ. ಹೊತ್ತು ನೆತ್ತಿಗೇರಿದ ಮೇಲೆ! ನನ್ನ ಜೊತೆ ಸಂಸಾರ ಮಾಡಿದಷ್ಟು ಕಾಲವೂ ಕೋಳಿಗಳನ್ನು ನೀನೇ ಎಬ್ಬಿಸಿದವಳಲ್ಲವೇ? ಆದ್ದರಿಂದ ಕಾಗದ ಬರೆಯುತ್ತಿದ್ದೇನೆ. ಲೂಡ್ಮಿಲಾ ನಿನ್ನ ಹೆಗಲ ಮೇಲಿಂದ ಇಣುಕಿ ಓದುತ್ತಾಳೆಂದು ಗೊತ್ತು. ಓದಲಿ. ಸಭಿಕರಿಲ್ಲದೆ ನಾನು ಯಾವತ್ತು ಮಾತಾಡಿದ್ದೇನೆ? ನೀನು ಒಂದು ಪಕ್ಷದ ಮಾತನ್ನು ಹೇಳಿರುತ್ತೀಯ. ಇನ್ನೊಂದು ಪಕ್ಷ ಇಗೋ, ರಂಗಕ್ಕೆ ಬರುತ್ತಿದೆ.

ಲೂಡ್ಮಿಲಾ ಅತ್ತಿಗೆ, ನೀವೂ ಕೇಳಿಸಿಕೊಳ್ಳಿ. ಈ ವರ್ಷ ಆಕಾಶ ನಮ್ಮ ಕಡೆ ನೋಡಿ ಉಗುಳಿದ್ದೂ ಇಲ್ಲ. ಓಕ್ ಮರಗಳ ಕೆಳಗಿನ ಹುಲ್ಲು ತುಳಿದರೆ ಪುಡಿಯಾಗುತ್ತದೆ. ಇಂಥ ಬೇಸಿಗೆಯಲ್ಲೇ ಗಂಡು ಜಿಂಕೆಗೆ ಕೊಂಬು ಬೆಳೆಯಬೇಕು, ಹೆಣ್ಣು ಜಿಂಕೆಗೆ ಮರಿಗಾಗಿ ಹಾಲು ಇಳಿಯಬೇಕು. ಅದಕ್ಕೇ ಪ್ರತಿ ವರ್ಷದಂತೆ ಹಳ್ಳದ ಬದಿಯ ತುಂಡು ಹೊಲದಲ್ಲಿ ಅವುಗಳಿಗಾಗಿ ಅವರೆ, ಅಲಸಂದೆ ಬಿತ್ತಿದೆ. ಗಿಡ ಬಲಿಯುವ ತನಕ ಆ ಜಿಂಕೆಗಳೇ ಒಳಗೆ ಬಾರದಂತೆ ಸುತ್ತ ಕರೆಂಟಿನ ತಂತಿ ಎಳೆದೆ. ಅತಿಥಿಗಾಗಿ ಅಡುಗೆ ಮಾಡಿ, ಅದು ಬೇಯುವ ತನಕ ಅತಿಥಿಯನ್ನು ಬಾಗಿಲಲ್ಲಿ ತಡೆದು ನಿಲ್ಲಿಸುವ ಕೆಲಸವಿದು. ನವೆಂಬರಿನಲ್ಲಿ ಅದೇ ಅತಿಥಿಗೆ ಗುಂಡು ಹೊಡೆಯುತ್ತೇವೆ. ಆ ಮಾತು ಈಗ ಬೇಡ.

ಮೊಳಕೆ ಬಾಡತೊಡಗಿತು. ಬಾವಿಯಲ್ಲಿ ಒಂದು ಕಡೆಗೆ ಸಾಲುವಷ್ಟೇ ನೀರು. ನಾನು ಪೈಪನ್ನು ವ್ಲಾಸ್ತಾಳ ಟೊಮೆಟೊ ಮಡಿಯಿಂದ ಎತ್ತಿ ಹೊಲಕ್ಕೆ ಹಾಕಿದೆ. ಅವರೆ ಎದ್ದು ನಿಂತಿತು. ಟೊಮೆಟೊ ನೆಲ ಹಿಡಿಯಿತು.

ಆಮೇಲಿನ ದೃಶ್ಯ ನಿಮಗೆ ಗೊತ್ತೇ ಇದೆ. ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ, ಕೈಯಲ್ಲಿ ಬೇರುಸಮೇತ ಒಣಗಿದ ಗಿಡ. "ಇವತ್ತು ಹೇಳಿಬಿಡು ಅಲೋಯಿಸ್. ನಿನಗೆ ಹೆಂಡ್ತಿ ಬೇಕಾ, ಜಿಂಕೆ ಬೇಕಾ?"

ವ್ಲಾಸ್ತಾ, ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು! ಆದರೆ ನಾನು ನಮ್ಮೂರ ಚೆಕ್ ವಲಸಿಗರ ಸಂಘದ ಸಭಾಭವನದಲ್ಲಿ, ನಾಟಕದ ರಂಗದ ಮೇಲೆ ಬೆಳೆದವನು. ದೊಡ್ಡ ಮಾತಿಗೆ ಮುಂಚೆ ದೊಡ್ಡದೊಂದು ಮೌನ ಹಿಡಿಯಬೇಕೆಂದು ನನ್ನಪ್ಪ ಕಿವಿ ಹಿಂಡಿ ಕಲಿಸಿದ್ದ. ಹಿಡಿದೆ. ಎದೆಯ ಮೇಲೆ ಕೈ ಇಟ್ಟೆ. ಮುಖವನ್ನು ನಿಧಾನವಾಗಿ ಮೇಲೆತ್ತಿದೆ. ಕೆಳಗಿಳಿಸುವಷ್ಟರಲ್ಲಿ ನಿನ್ನ ಕಾರು ಗೇಟು ದಾಟಿತ್ತು. "ಹೆಂಡತಿ!" ಎಂದು ನಾನು ಗುಡುಗಿದ್ದನ್ನು ಕೇಳಿದ್ದು ಕೋಳಿಗಳು ಮಾತ್ರ.

ಪೈಪನ್ನು ಅವತ್ತೇ ಸಂಜೆ ನಿನ್ನ ಮಡಿಗೆ ವಾಪಸ್ಸು ಹಾಕಿದೆ. ಸತ್ತ ಗಿಡಗಳಿಗೆ ದಿನವೂ ನೀರು ಹಾಕುತ್ತಿದ್ದೇನೆ. ಎರ್ವಿನ್ ನೋಡಿ ಟೋಪಿ ತೆಗೆದು ನಿಂತ, ಸಮಾಧಿಯ ಮುಂದೆ ನಿಂತ ಹಾಗೆ. ನಿನ್ನ ಚಿಕ್ಕಪ್ಪನ ಮಗನಿಗೆ ಯಾವಾಗ ನಗಬೇಕು ಅನ್ನುವುದು ಇವತ್ತಿಗೂ ಗೊತ್ತಿಲ್ಲ.

ಅವರೆ ಬೇರು ಬಿಟ್ಟಿತ್ತು, ನೀರಿಲ್ಲದೆಯೂ ಬೆಳೆಯಿತು. ಆಗ ಬಂದವು ಕಾಡುಹಂದಿಗಳು. ಜಿಂಕೆ ತಂತಿಗೆ ಮೂಗು ತಾಗಿಸಿ ಮರ್ಯಾದೆಯಿಂದ ಹಿಂದೆ ಸರಿಯುತ್ತದೆ. ಹಂದಿಗೆ ಎಲ್ಲಿಯ ಮರ್ಯಾದೆ? ತಂತಿಯ ಕೆಳಗೆ ನುಗ್ಗಿ, ಮೂಲೆಯೊಂದನ್ನು ಉತ್ತು ಹಾಕಿ ಹೋದವು. ಟ್ರ್ಯಾಕ್ಟರ್ ಕೂಡ ಅಷ್ಟು ಆಳ ಉಳುವುದಿಲ್ಲ.

ಎರ್ವಿನ್ ಬಂದು ನೋಡಿದ. "ಭಾವ, ಬೋನಿಡು. ಮೆಕ್ಕೆಜೋಳ ನೆನೆಹಾಕಿ ಮೇಲೆ ಬಿಯರ್ ಸುರಿ. ಚೆನ್ನಾಗಿ ಹುಳಿ ಬರ್ಲಿ. ಆ ನಾತಕ್ಕೆ ಜಿಂಕೆ ಹತ್ರ ಸುಳಿಯಲ್ಲ, ಹಂದಿ ಮಾತ್ರ ನೆಂಟ್ರ ಮದುವೆಗೆ ಬಂದ ಹಾಗೆ ಬರುತ್ತೆ" ಅಂದ.

ಇಲ್ಲೊಂದು ವಿಷಯ. ಕೋಸು ಹುಳಿ ಹಾಕುವ ನಿನ್ನ ಅಜ್ಜಿಯ ಜಾಡಿ ಕ್ಷೇಮವಾಗಿದೆ. ನೀನು ಕೇಳಲಿಲ್ಲ, ನಿಜ. ಕೇಳದಿದ್ದರೂ ಹೇಳುತ್ತಿದ್ದೇನೆ. ಅದನ್ನು ಬಿಸಿಲಿಗೆ ಇಟ್ಟಿದ್ದೇನೆ. ವಾಸನೆ ಹೋಗುತ್ತದಂತೆ.

ಬೋನು ಎರ್ವಿನ್‌ನದು. ಕಬ್ಬಿಣದ ಜಾಲರಿಯ ದೊಡ್ಡ ದುಂಡು ಆವರಣ. ಒಳಗಿನ ಹಗ್ಗಕ್ಕೆ ಏನಾದರೂ ತಾಗಿದರೆ ಬಾಗಿಲು ಮೇಲಿಂದ ಬೀಳುತ್ತದೆ, ಹೊರಗಿನಿಂದ ಮಾತ್ರ ತೆಗೆಯಬಹುದು. ಮಧ್ಯಾಹ್ನ ಒಳಗೆ ಹೋಗಿ ಜೋಳ ಸುರಿದೆ. ಸುರಿದವನು ಸುಮ್ಮನೆ ಹೊರಗೆ ಬರಬೇಕಿತ್ತು. ಆದರೆ ಏರ್ಪಾಡು ಎಷ್ಟು ಭವ್ಯವಾಗಿದೆ ಎಂದು ನೋಡಲು ಎರಡು ಹೆಜ್ಜೆ ಹಿಂದಕ್ಕಿಟ್ಟೆ.

ಧಡಾರ್! ಪರದೆ ಬಿತ್ತು!

ಹತ್ತಿ ಇಳಿಯಲು ನೋಡಿದೆ. ಜಾಲರಿಗೂ ನನ್ನ ಹೊಟ್ಟೆಗೂ ವಾದವಾಯಿತು. ಹೊಟ್ಟೆ ಸೋತಿತು. ಬಿಸಿಲು ಇಳಿಯುವ ಹೊತ್ತಿಗೆ ಬಂದವು ನೋಡು, ಮುಂದೆ ಕರಿಯ ತಾಯಿಹಂದಿ, ಹಿಂದೆ ಅದರ ಸಕುಟುಂಬ ಪರಿವಾರ. ಬೋನಿನ ಮುಂದೆ ನಿಂತು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದವು. ಆಮೇಲೆ ನೆಟ್ಟಗೆ ಅವರೆ ಹೊಲಕ್ಕೆ ನಡೆದವು. ಬೇಟೆಗಾರ ಬೋನಿನಲ್ಲಿ, ಹಂದಿ ಹೊಲದಲ್ಲಿ! ಇಂಥ ಅವಮಾನವನ್ನು ಯಾವ ವೀರ ಸಹಿಸಿಯಾನು? ಜಾಲರಿ ಹಿಡಿದು, ಸೆರೆಯಾದ ರಾಜನ ಪಾತ್ರವನ್ನು ಎತ್ತಿಕೊಂಡೆ. "ಎಲೈ ನೀಚರೇ! ಸಿಂಹವು ಪಂಜರದಲ್ಲಿದೆಯೆಂದು ಹಿಗ್ಗದಿರಿ! ಈ ಕಂಠಕ್ಕೆ ಸರಪಳಿಯಿಲ್ಲ!"

ಹಂದಿಗಳು ಕಿತ್ತುಕೊಂಡು ಓಡಿದವು!

ಆದರೆ ಮುಂದಿನ ಮಾತು ಮರೆತುಹೋಯಿತು. ರೂಢಿಯಂತೆ ಎಡಕ್ಕೆ ತಿರುಗಿದೆ. ಅಲ್ಲಿ ಮೊಣಕಾಲ ಮೇಲೆ ನಾಟಕದ ಪುಸ್ತಕ ಹಿಡಿದು ಕುಳಿತು, ನನಗೆ ಪಿಸುಮಾತಿನಲ್ಲಿ ಮಾತು ಎತ್ತಿಕೊಡುವ ನೀನಿರಬೇಕಿತ್ತು. ಒಂದು ಪಾಪಸುಕಳ್ಳಿ ಇತ್ತು. ನಾನು ಸುಮ್ಮನಾದೆ. ಹಂದಿಗಳು ತಿರುಗಿ ಬಂದವು. ಮತ್ತೆ ಮೊದಲಿಂದ ಶುರುಮಾಡಿದೆ. ಮತ್ತೆ ಓಡಿದವು, ಮತ್ತೆ ಮರೆತೆ, ಮತ್ತೆ ಬಂದವು.

ಹೊತ್ತು ಮುಳುಗುವಾಗ ಎರ್ವಿನ್ ನಿಧಾನವಾಗಿ ನಡೆದುಕೊಂಡು ಬಂದ. "ಆಗಿನಿಂದ ಕೇಳಿಸ್ತಾ ಇತ್ತು ಭಾವ. ತಾಲೀಮು ಅಂದ್ಕೊಂಡೆ."

"ಅದೇ ಮೂರು ಮಾತನ್ನ ಅಷ್ಟು ಸಲ ಹೇಳಿದ್ರೆ ಅದು ತಾಲೀಮಾ, ಮುಠ್ಠಾಳ?"

"ಮತ್ತೆ? ನೀನು ಯಾವಾಗ್ಲೂ ಅಲ್ಲೇ ತಾನೇ ಮರೆಯೋದು?"

ಇರಲಿ. ಅವತ್ತಿನಿಂದ ನನಗೆ ದಾರಿ ಸಿಕ್ಕಿತು. ಪ್ರತಿ ಸಂಜೆ ಟ್ರ್ಯಾಕ್ಟರ್ ಹತ್ತಿ ನಿಂತು ರಾಜನ ಪಾತ್ರ ಮಾಡುತ್ತೇನೆ. ಹಂದಿಗಳ ಸುಳಿವಿಲ್ಲ. ಅವರೆ ಸೊಂಟದೆತ್ತರ ನಿಂತಿದೆ. ನಿನ್ನೆ ತಂತಿ ಬಿಚ್ಚಿದೆ. ಮೊದಲು ಬಂದದ್ದು ಪಕ್ಕೆಲುಬು ಕಾಣುವ ಒಂದು ಹೆಣ್ಣು ಜಿಂಕೆ, ಹಿಂದೆ ಅವಳಿ ಮರಿಗಳು. ತಾಯಿ ತಲೆ ಎತ್ತದೆ ತಿಂದಳು. ಮರಿಗಳು ಅವಳ ಹೊಟ್ಟೆಯ ಕೆಳಗೆ ಹಾಲಿಗೆ ನುಗ್ಗಿದವು. ಎರ್ವಿನ್ ಏನೋ ಹೇಳಲು ಬಾಯಿ ತೆಗೆದ. ಸುಮ್ಮನಿರು ಎಂದು ಸನ್ನೆ ಮಾಡಿದವನು ನಾನು. ನಾನು, ವ್ಲಾಸ್ತಾ!

ಹೀಗೆ ಎಲ್ಲವೂ ವೈಭವದಿಂದ ನಡೆದಿದೆ. ಬೇಕರಿಯ ಕೊಲಾಚ್ ಬನ್ನು ತಿನ್ನುತ್ತೇನೆ, ಅಂಗಿ ನಾನೇ ಒಗೆಯುತ್ತೇನೆ, ಒಂದೇ ಒಂದು ಗುಲಾಬಿ ಬಣ್ಣಕ್ಕೆ ತಿರುಗಿದೆ. ಯಾರ ನೆರವೂ ಬೇಕಿಲ್ಲ. ಅಕ್ಕನ ಮನೆಯಲ್ಲಿ ಎಷ್ಟು ದಿನ ಬೇಕೋ ಅಷ್ಟು ದಿನ ಹಾಯಾಗಿರು.

ರಂಗದ ಮೇಲೆ ಒಂಟಿಯಾಗಿ, ಆದರೂ ತಲೆಯೆತ್ತಿ ನಿಂತ
ನಿನ್ನ ಅಲೋಯಿಸ್

ತಾ.ಕ.: ಅತ್ತಿಗೆ, ನೀವು ಹೋಗಿ ಕಾಫಿ ಮಾಡಿ. ಇದು ನಿಮಗಲ್ಲ.

ವ್ಲಾಸ್ತಾ, ಮೇಲೆ ಬರೆದದ್ದರಲ್ಲಿ ಒಂದು ಮಾತು ಪೂರಾ ನಿಜವಲ್ಲ. ಹಂದಿಗಳು ನನ್ನ ಅಭಿನಯಕ್ಕೆ ಹೆದರಿದ್ದು ಮೊದಲ ಕೆಲವು ದಿನ ಮಾತ್ರ. ಆಮೇಲೆ ಆ ಕರಿಯ ತಾಯಿಹಂದಿ ಟ್ರ್ಯಾಕ್ಟರಿನ ಮುಂದೆಯೇ ಮಲಗಿ ನಿದ್ದೆ ಹೊಡೆಯಿತು. ಈಗ ಹೊಲ ಕಾಯುತ್ತಿರುವವಳು ನೀನು. ಅಕ್ಕನ ಮನೆ ತಲುಪಿದ ದಿನ ಯಾರೂ ಎತ್ತದಿದ್ದರೆ ಮಾತು ಹಿಡಿದಿಡುವ ನಮ್ಮ ಫೋನಿನ ಟೇಪಿನಲ್ಲಿ ನೀನು ಬಿಟ್ಟ ಮಾತಿದೆಯಲ್ಲ, "ಅಲೋಯಿಸ್! ಇಡೀ ಬಾವಿ ಎತ್ತಿ ಕುಡಿಸು ನಿನ್ನ ಜಿಂಕೆಗೆ! ನಾನಂತೂ ಬರಲ್ಲ! ಫ್ರಿಜ್ಜಲ್ಲಿ ಸೂಪಿದೆ, ತಣ್ಣಗೆ ಕುಡೀಬೇಡ, ಬಿಸಿ ಮಾಡ್ಕೋ" ಅಂತ, ಅದನ್ನು ಎರ್ವಿನ್ ಸಭಾಭವನದ ಧ್ವನಿವರ್ಧಕಕ್ಕೆ ಜೋಡಿಸಿಕೊಟ್ಟ. "ಅಲೋಯಿಸ್!" ಅನ್ನುವಷ್ಟರಲ್ಲೇ ಹಂದಿಗಳು ಹಳ್ಳ ದಾಟಿರುತ್ತವೆ. ನಾನು ಮಾತ್ರ ಸೂಪಿನ ಮಾತು ಬರುವ ತನಕ ನಿಂತು ಕೇಳುತ್ತೇನೆ.

ಆದರೆ ಹಂದಿಗಳು ಬಲು ಚುರುಕು. ಒಂದೇ ಬೈಗುಳಕ್ಕೆ ಎಷ್ಟು ದಿನ ಹೆದರುತ್ತವೆ? ನಿನ್ನೆ ಒಂದು ಹಂದಿಮರಿ ಓಡದೆ ನಿಂತುಬಿಟ್ಟಿತು. ಹೊಸದು ಬೇಕಾಗಿದೆ. ಫೋನಿನಲ್ಲಿ ಬೇಡ, ಬಂದೇ ಬೈಯಿ.