ಕೊಂಡಿಯ ನಾಲ್ಕನೆಯ ತೂತು

ಬಂಟ್ವಾಳ,
೧೮ ಫೆಬ್ರವರಿ ೧೯೯೯

ಪ್ರೀತಿಯ ಮಗ ಚಿದಾನಂದನಿಗೆ ಅಪ್ಪನ ಆಶೀರ್ವಾದ.

ಸೊಂಟನೋವು ಹೋಯಿತೋ? ಸೌದಿಯ ಆ ಜುಬೈಲಿನ ಎ.ಸಿ. ಕೋಣೆಯಲ್ಲಿ ಬರೀ ನೆಲದ ಮೇಲೆ ಮಲಗಬೇಡ ಎಂದರೆ ನೀನು ಕೇಳುವ ಜಾತಿಯಲ್ಲ. ಇಲ್ಲಿ ಅಮ್ಮ ಕ್ಷೇಮ. ನನಗೆ ಮಾತ್ರ ಸರಿಯಾಗಿ ನಿದ್ದೆ ಇಲ್ಲ. ಯಾಕೆಂದು ಬರೆಯುತ್ತೇನೆ, ಓದಿ ನಗಬೇಡ.

ನೀನು ಹನೀಫಾನ ಕೈಯಲ್ಲಿ ಕಳಿಸಿದ ಬಣ್ಣದ ಬೀಗಗಳು ನಮ್ಮ ಹಂಚಿನ ಕಾರ್ಖಾನೆಯಲ್ಲಿ ಬಳಕೆಗೆ ಬಂದವು. ನೀನು ಬರೆದ ಹಾಗೆಯೇ ಫಿಟ್ಟರನಾದ ನನಗೆ ಕೆಂಪು, ಕರೆಂಟಿನ ಶೇಖರನಿಗೆ ನೀಲಿ, ಎಣ್ಣೆ ಹಾಕುವ ಅಣ್ಣುವಿಗೆ ಹಳದಿ. ಮಣ್ಣು ಅರೆಯುವ ಯಂತ್ರಕ್ಕೆ ಇಳಿಯುವ ಮುಂಚೆ ಮೈನ್ ಸ್ವಿಚ್ಚು ಕೆಳಗೆಳೆದು, ನಾಲ್ಕು ತೂತಿನ ಕೊಂಡಿ ಸಿಕ್ಕಿಸಿ, ಅವರವರ ಬೀಗ ಹಾಕುತ್ತೇವೆ. ಹೊರಗೆ ಬಂದವನು ತನ್ನದನ್ನು ಮಾತ್ರ ತೆಗೆಯಬೇಕು. ಎಲ್ಲ ಬೀಗ ತೆಗೆಯದೆ ಕೊಂಡಿ ಬಿಡುವುದಿಲ್ಲ, ಸ್ವಿಚ್ಚು ಮೇಲೇಳುವುದಿಲ್ಲ. ಬಣ್ಣ ನೋಡಿದರೆ ಸಾಕು, ಒಳಗೆ ಯಾರಿದ್ದಾರೆಂದು ತಿಳಿಯುತ್ತದೆ. ಶೇಖರ ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಮದುವೆ ಮನೆಗೂ ಹೋಗುತ್ತಾನೆ, ಅವನ ಗತ್ತು ನೋಡಬೇಕು.

ನಾಲ್ಕನೆಯ ತೂತಿಗೆ ಡೊಂಬಯ್ಯನಿಗೂ ಒಂದು ಬೀಗ ತರಿಸುವ ಎಂದು ಧನಿಗಳನ್ನು ಕೇಳಿದ್ದೆ. ಯಂತ್ರದ ಹಲ್ಲಿನಿಂದ ಬೇರು, ಕಲ್ಲು ಹೆಕ್ಕುವವನು ಅವನೇ ಅಲ್ಲವೇ? "ದಿನಗೂಲಿಯವನಿಗೆ ಎಂಥ ಬಣ್ಣ ರುಕ್ಮಯ್ಯ?" ಎಂದು ನನ್ನ ಬಾಯಿ ಮುಚ್ಚಿಸಿದರು. ದೀಪಾವಳಿ ಮುಗಿದ ಮರುವಾರ ಒಂದು ದಿನ ಎಲ್ಲರೂ ಹೊರಗೆ ಬಂದು ನಾವು ಮೂವರೂ ಬೀಗ ತೆಗೆದೆವು. ಮರೆತ ಮುಟ್ಟಾಳೆ ಟೊಪ್ಪಿ ತರಲು ಡೊಂಬಯ್ಯ ಮತ್ತೆ ಒಳಗೆ ಇಳಿದದ್ದು ಯಾರಿಗೂ ಗೊತ್ತಾಗಲಿಲ್ಲ. ಅವನಿದ್ದಾನೆಂದು ಹೇಳಲು ಕೊಂಡಿಯಲ್ಲಿ ಏನೂ ಇರಲಿಲ್ಲ. ಶೇಖರ ಸ್ವಿಚ್ಚು ಎತ್ತಿದ. ಮುಂದಿನದನ್ನು ಬರೆಯಲು ನನ್ನ ಕೈ ಬರುವುದಿಲ್ಲ.

ಹದಿನಾರರ ಕ್ರಿಯೆಯ ದಿನ ಅವನ ಮನೆಯವರು ಕ್ರಮದಂತೆ ಹೆಸರು ಹಿಡಿದು ಅವನ ಜೀವವನ್ನು ಮನೆಯೊಳಗೆ ಕರೆದರು, ಎಲೆ ಹಾಕಿ ಬಡಿಸಿದರು. ನಾನೂ ಹೋಗಿದ್ದೆ. ಆದರೆ ಮಗಾ, ಅವನು ಮನೆಗೆ ಹೋದ ಹಾಗೆ ಕಾಣುವುದಿಲ್ಲ. ಮರುದಿನ ಮೂರೂ ಬೀಗ ತೆಗೆದ ಮೇಲೂ ಕೊಂಡಿ ಬಿಡಲಿಲ್ಲ. ಎಣ್ಣೆ ಬಿಟ್ಟೆ, ಸುತ್ತಿಗೆಯಲ್ಲಿ ತಟ್ಟಿದೆ, ಜಪ್ಪಯ್ಯ ಅನ್ನಲಿಲ್ಲ. ನಾಲ್ಕನೆಯ ತೂತು ಖಾಲಿ, ಆದರೂ ಬೆರಳಿಟ್ಟರೆ ಹಸಿಮಣ್ಣು ಅಂಟಿತು. ಕೊನೆಗೆ ನಾನೇ ಯಂತ್ರದ ಬಾಯಿಗೆ ಬಗ್ಗಿ, "ಡೊಂಬಯ್ಯ, ಹೊರಗೆ ಬಾ ಮಾರಾಯ, ಕೆಲಸ ಮುಗಿಯಿತು" ಎಂದೆ. ಕೊಂಡಿ ತಾನಾಗಿ ಸಡಿಲಿತು. ಅಂದಿನಿಂದ ದಿನಾ ಹೀಗೆಯೇ. ಕೊಂಡಿ ಬದಲಿಸಿದರೂ ಕರೆಯದೆ ತೆರೆಯುವುದಿಲ್ಲ. ಹೆದರಿಕೆ ಇಲ್ಲವೆಂದರೆ ಸುಳ್ಳಾಗುತ್ತದೆ. ಹೆದರಿಕೆಗಿಂತ ಸಂಕಟವೇ ಹೆಚ್ಚು.

ಅಮ್ಮನಿಗೆ ಇದು ಯಾವುದೂ ಗೊತ್ತಿಲ್ಲ, ಫೋನಿನಲ್ಲಿ ಬಾಯಿ ಬಿಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಕೈಕಾಲು ಗಟ್ಟಿಯಾಗಿಡಲಿ.

ನಿನ್ನ ಅಪ್ಪ,
ರುಕ್ಮಯ್ಯ

ತಾ.ಕ.: ಕಾಗದ ಅಂಟಿಸುವ ಮೊದಲು ಇಷ್ಟು. ಡೊಂಬಯ್ಯನ ಹೆಂಡತಿ ಸುಂದರಿಯನ್ನು ಈ ವಾರ ಅವನ ಕೆಲಸಕ್ಕೇ ಹಾಕಿದ್ದಾರೆ. ಅವಳಿಗೂ ಬೀಗ ಇಲ್ಲ. ಇವತ್ತು ಬೀಗ ತೆಗೆದು ಎಂದಿನಂತೆ ಕರೆದೆ, ಕೊಂಡಿ ತೆರೆಯಲಿಲ್ಲ. ಇನ್ನೊಮ್ಮೆ ಕರೆದೆ, ಇಲ್ಲ. ಶೇಖರ ಸಿಟ್ಟಿನಲ್ಲಿ ಕೊಂಡಿ ಮೀಟಲು ಹಾರೆ ತಂದ. ಏನೋ ಅನಿಸಿ ಟಾರ್ಚು ಬಿಟ್ಟು ನೋಡಿದರೆ, ಸುಂದರಿ ಒಳಗೆ ಹಲ್ಲುಗಳ ನಡುವೆ ಕೂತು ಬೇರು ಹೆಕ್ಕುತ್ತಿದ್ದಾಳೆ. ಯಾಕೆ ಓಗೊಡಲಿಲ್ಲ ಎಂದು ಬೈದೆ. "ನೀವು ಅವರನ್ನಲ್ಲವಾ ಕರೆದದ್ದು?" ಎಂದಳು. ಧನಿಗಳನ್ನು ಕೇಳಿ ಪ್ರಯೋಜನವಿಲ್ಲ. ಅವಳ ಹೆಸರಿಗೆ ಒಂದು ಬೀಗ ಕೂಡಲೇ ಕಳಿಸು, ಯಾವ ಬಣ್ಣವಾದರೂ ಆದೀತು. ನನ್ನ ಕೆಂಪು ಬೀಗ ಅವಳಿಗೆ ಕೊಟ್ಟಿದ್ದೇನೆ. ನಿನ್ನದು ಬರುವವರೆಗೆ ನಾನು ಬೀಗವಿಲ್ಲದೆಯೇ ಇಳಿಯುತ್ತೇನೆ.